ನೈಋತ್ಯಕ್ಕೆ ಹೋದ ಪೆಟ್ಟಿಗೆ

ಹೋದ ತಿಂಗಳು ಗಂಡಸಿಯ ಬ್ಯಾಂಕಿಗೆ ಹೋಗಿದ್ದೆ. ಖಾತೆಗೆ ಹೊಸ ಫೋನ್ ನಂಬರು ಸೇರಿಸಬೇಕಿತ್ತು, ಅಷ್ಟೇ ಕೆಲಸ. ಕೌಂಟರಿನ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಒಳಗಿದ್ದ ಹುಡುಗಿ ಕಂಪ್ಯೂಟರಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದಳು. “ಸರ್ವರ್ ಸ್ಲೋ ಇದೆ, ಸ್ವಲ್ಪ ಕಾಯಿರಿ” ಅಂದಳು. ನನ್ನ ಹಿಂದೆ ನಿಂತಿದ್ದವನು, ಇಸ್ತ್ರಿ ಅಂಗಿಯವನು, “ಸರ್ವರ್ ಅಲ್ಲ ಕಣ್ರೀ, ಕೈ ಸ್ಲೋ” ಅಂತ ಎಲ್ಲರಿಗೂ ಕೇಳುವ ಹಾಗೆ ಅಂದ. ಜನ ನಕ್ಕರು. ಹುಡುಗಿ ತಲೆ ತಗ್ಗಿಸಿದಳು.

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. “ಅವಳ ಕೈ ಸುದ್ದಿಗೆ ಯಾಕಯ್ಯಾ ಹೋಗ್ತೀಯಾ? ನೀನೇನು ಒಳಗೋಗಿ ನೋಡ್ಕಂಡು ಬಂದ್ಯಾ?” ಅಂದೆ. “ನಿಮಗೇನು ಗೊತ್ತಜ್ಜಿ ಕಂಪ್ಯೂಟರ್ ವಿಷಯ” ಅಂದ.

ಕಂಪ್ಯೂಟರ್ ವಿಷಯ ನನಗೆ ಗೊತ್ತಿಲ್ಲ, ನಿಜ. ಅದು ನಿಧಾನವಾದರೆ ಬೈಗುಳ ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಅದನ್ನು ಕಲಿಯಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಎರಡು ಸಾವಿರದ ಇಸವಿ ದಾಟಿ ಎಂಟೋ ಒಂಬತ್ತೋ ವರ್ಷವಾಗಿತ್ತು.

ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ಬರುವ ದಾರಿಯಲ್ಲಿ ಹಳೆಯ ಕೊಬ್ಬರಿ ಮಂಡಿಯೊಂದಿತ್ತು. ಅದರ ಮಾಲೀಕರು ಮಂಡಿಯನ್ನು ಬೇರೆ ಕಡೆಗೆ ಸಾಗಿಸಿ, ಈ ಕಟ್ಟಡಕ್ಕೆ ಸುಣ್ಣ ಹೊಡೆಸಿ, ಇಪ್ಪತ್ತು ಕಂಪ್ಯೂಟರು ಹಾಕಿಸಿ ಆಫೀಸು ಮಾಡಿದರು. ಎಲ್ಲೆಲ್ಲಿಯದೋ ಆಸ್ಪತ್ರೆಗಳ ಹಳೆಯ ಕಾಗದಗಳ ಫೋಟೋ ಅಲ್ಲಿಗೆ ಬರುತ್ತಿತ್ತು. ಅದನ್ನು ತೆರೆದು ನೋಡಿಕೊಂಡು ನಮ್ಮ ಹೆಣ್ಣುಮಕ್ಕಳು ಟೈಪು ಮಾಡಬೇಕು. ಎಷ್ಟು ಸುಣ್ಣ ಹೊಡೆದರೂ ಕೊಬ್ಬರಿಯ ಕಮಟು ವಾಸನೆ ಗೋಡೆ ಬಿಟ್ಟಿರಲಿಲ್ಲ. ಮೋಡ ಕವಿದ ದಿನವಂತೂ ಕಾಯಿಲೆ ಕಾಗದ ಓದುತ್ತಾ ಎಣ್ಣೆ ಡಬ್ಬದೊಳಗೆ ಕೂತ ಹಾಗಿರುತ್ತಿತ್ತು.

ನಾನು ಅಲ್ಲಿ ಕಸ ಗುಡಿಸಿ, ನೆಲ ಒರೆಸಿ, ದಿನಕ್ಕೆ ಎರಡು ಸಲ ಟೀ ಕಾಯಿಸಿ ಕೊಡುತ್ತಿದ್ದೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಮದುವೆಯಾಗುವ ತನಕ ಗಂಡಸಿ ಹತ್ತಿರದ ನಮ್ಮೂರಲ್ಲಿ ಅಪ್ಪನ ಜೊತೆ ಕೂತು ತೆಂಗಿನ ನಾರು ಹೊಸೆದು ಹಗ್ಗ ಮಾಡುತ್ತಿದ್ದೆ. ಆಫೀಸಿನಲ್ಲಿ ಎಲ್ಲರೂ ಹೊನ್ನಜ್ಜಿ ಅನ್ನುತ್ತಿದ್ದರು. ತಲೆ ಆಗಲೇ ಬೆಳ್ಳಗಾಗಿತ್ತು.

ನನ್ನ ಸೊಸೆ ಕೋಮಲ ಹಳೇಬೀಡಿನವಳು. ಪಿಯುಸಿ ಮುಗಿಸಿ, ದಿನಾ ಬಸ್ಸಿನಲ್ಲಿ ಬೇಲೂರಿಗೆ ಹೋಗಿ ಟೈಪಿಂಗ್ ಕಲಿತಿದ್ದಳು. ಮದುವೆಯಾಗಿ ಐದು ವರ್ಷ ನಮ್ಮ ಮನೆಯಲ್ಲಿ ಮುದ್ದೆ ತೊಳಸಿದಳು. ಮಗು ಅಂಗನವಾಡಿಗೆ ಹೋಗಲು ಶುರು ಮಾಡಿದ ಮೇಲೆ ನಾನೇ ಅವಳನ್ನು ಮ್ಯಾನೇಜರ್ ಪ್ರಕಾಶನ ಹತ್ತಿರ ಕರೆದುಕೊಂಡು ಹೋದೆ. “ಒಂದು ಪೇಜ್ ಹೊಡೀಲಿ ನೋಡಾಣ” ಅಂದ. ಕೋಮಲ ಕೂತಳು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಬೆರಳು ಓಡಿತು. ಐದು ವರ್ಷ ಆ ಬೆರಳಿಂದ ನಾನು ಏನೇನು ಕೆಲಸ ಮಾಡಿಸಿದೆ ಅಂತ ಅವತ್ತು ನನಗೇ ಕಸಿವಿಸಿಯಾಯಿತು. ಅಂದಿನಿಂದ ಕಷ್ಟದ ಕಾಗದಗಳೆಲ್ಲ ಅವಳ ಪಾಲಿಗೆ ಬಂದವು. ಡಾಕ್ಟರುಗಳ ಕಾಗೆ ಕಾಲು ಗುಬ್ಬಿ ಕಾಲು ಬರಹ, ಅಗಲ ಅಗಲದ ಫೋಟೋಗಳು. ಬೇರೆಯವರಿಗೆ ಚಿಕ್ಕ ಚಿಕ್ಕ ಚೀಟಿ. ಆದರೂ ದಿನದ ಕೊನೆಗೆ ಎಲ್ಲರಿಗಿಂತ ಹೆಚ್ಚು ಮುಗಿಸಿರುತ್ತಿದ್ದವಳು ಇವಳೇ.

ಆಫೀಸಿನ ಆಗ್ನೇಯ ಮೂಲೆಯಲ್ಲಿ ನನ್ನ ಟೀ ಕೋಣೆ. ಅದಕ್ಕೆ ಅಂಟಿಕೊಂಡು ಇನ್ನೊಂದು ಚಿಕ್ಕ ಕೋಣೆ. ಅದರೊಳಗೆ ಎರಡು ಕಪ್ಪು ಪೆಟ್ಟಿಗೆ ಹಗಲೂ ಇರುಳೂ ಗುಂಯ್ ಅನ್ನುತ್ತಿದ್ದವು. ಹಾಸನದಿಂದ ಬಂದು ಅದನ್ನೆಲ್ಲ ಜೋಡಿಸಿದ ಎಂಜಿನಿಯರ್ ಸಂತೋಷನನ್ನು ಒಂದು ದಿನ ಕೇಳಿದೆ, “ಹೊರಗೆ ಇಪ್ಪತ್ತು ಕಂಪ್ಯೂಟರು ಅವಲ್ಲಪ್ಪ, ಇವೆರಡು ಯಾಕೆ?”

“ಹೊರಗಿರೋವು ಬರೀ ಮುಖ ಅಜ್ಜಿ. ಇಪ್ಪತ್ತು ಜನರ ಕಂಪ್ಯೂಟರೂ ಈ ಒಂದು ಪೆಟ್ಟಿಗೆ ಒಳಗಿದಾವೆ. ಮುಟ್ಟೋಕೆ ಸಿಗಲ್ಲ, ಆದ್ರೆ ಕೆಲಸ ಮಾಡ್ತಾವೆ.”

“ದೆವ್ವ ಇದ್ದಂಗೆ?”

“ಹ್ಞೂ, ದುಡಿಯೋ ದೆವ್ವ” ಅಂತ ನಕ್ಕ. “ಆ ಇನ್ನೊಂದು ಪೆಟ್ಟಿಗೇಲಿ ಆ ದೆವ್ವಗಳ ಡಿಸ್ಕು. ಫೋಟೋ, ಟೈಪು ಮಾಡಿದ್ದು, ಎಲ್ಲಾ ಅಲ್ಲಿರುತ್ತೆ. ಇದು ಕೇಳುತ್ತೆ, ಅದು ಕೊಡುತ್ತೆ. ಇದು ಬರಿ ಅನ್ನುತ್ತೆ, ಅದು ಬರೆದೆ ಅಂತ ಹೇಳಿದ ಮೇಲೇನೇ ಮುಂದಿನ ಕೆಲಸ.”

ನನಗೆ ಅಷ್ಟು ಸಾಕಾಯಿತು. ಒಂದು ಒಲೆ, ಇನ್ನೊಂದು ಕಣಜ. ಎರಡರ ನಡುವೆ ಒಂದು ಮೊಳದ ತಂತಿ. ತಂತಿ ಸಿಕ್ಕಿಸಿದ ಜಾಗದಲ್ಲಿ ಹಸಿರು ದೀಪ. ದಿನಾ ಬೆಳಗ್ಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಧೂಳು ಒರೆಸುವಾಗ ಆ ದೀಪ ನೋಡುತ್ತಿದ್ದವಳು ನಾನೊಬ್ಬಳೇ.

ಆಷಾಢದಲ್ಲಿ ಮಾಲೀಕರು ವಾಸ್ತು ನೋಡುವವರೊಬ್ಬರನ್ನು ಆಫೀಸಿಗೆ ಕರೆದುಕೊಂಡು ಬಂದರು. ಅವರು ಮೂಲೆ ಮೂಲೆ ತಿರುಗಿ, ಕಪ್ಪು ಪೆಟ್ಟಿಗೆಗಳ ಮುಂದೆ ನಿಂತು, “ಇದರಲ್ಲಿ ಸಂಪತ್ತು ಯಾವುದರಲ್ಲಿದೆ?” ಅಂತ ಕೇಳಿದರು. ಪ್ರಕಾಶ ಡಿಸ್ಕಿನ ಪೆಟ್ಟಿಗೆ ತೋರಿಸಿದ. “ಬಿಸಿಯಾಗೋದು ಆಗ್ನೇಯದಲ್ಲಿರಲಿ. ಕೂಡಿಡೋದು ಬೆಂಕಿ ಮೂಲೆಯಲ್ಲಿರಬಾರದು. ನೈಋತ್ಯಕ್ಕೆ ಹೋಗಬೇಕು” ಅಂದರು. ನೈಋತ್ಯದಲ್ಲಿ ಮಾಲೀಕರ ಕೋಣೆ, ಅವರ ಕಬ್ಬಿಣದ ಬೀರು. ಬೀರುವಿನ ಪಕ್ಕಕ್ಕೆ ಪೆಟ್ಟಿಗೆ ಹೋಗುವುದು ಅಂತಾಯಿತು. ಆಷಾಢದಲ್ಲಿ ಏನನ್ನೂ ಕದಲಿಸಬಾರದೆಂದು ಶ್ರಾವಣದ ಮೊದಲ ಶುಕ್ರವಾರಕ್ಕೆ ಇಟ್ಟುಕೊಂಡರು.

ಸಂತೋಷನಿಗೆ ಅವತ್ತು ಬೇರೆ ಕಡೆ ಕೆಲಸ. ನಾಲ್ಕು ದಿನ ಬಿಟ್ಟು ಬರುತ್ತೇನೆ ಅಂದನಂತೆ. “ಪೆಟ್ಟಿಗೆ ಎತ್ತಿಡೋಕೆ ಎಂಜಿನಿಯರ್ ಯಾಕೆ?” ಅಂತ ಪ್ರಕಾಶ ಪೇಟೆಯ ಲೋಕಣ್ಣನನ್ನು ಕರೆಸಿದ. ಲೋಕಣ್ಣ ಬೋರ್‌ವೆಲ್ ಮೋಟರು ಕಟ್ಟುವವನು. ಸುತ್ತಮುತ್ತ ಹತ್ತು ಹಳ್ಳಿಯಲ್ಲಿ ಅವನ ಕೈ ಮುಟ್ಟದ ಪಂಪ್‌ಸೆಟ್ ಇಲ್ಲ. ಅವನು ಮಾಲೀಕರ ಕೋಣೆಯಿಂದ ಗೋಡೆಯುದ್ದಕ್ಕೂ ಹೊಸ ತಂತಿ ಎಳೆದು, ನನ್ನ ಟೀ ಕೋಣೆಯ ಅಟ್ಟದ ಮೇಲೆ ಹಾಯಿಸಿ, ಒಲೆಯ ಪೆಟ್ಟಿಗೆಗೆ ತಂದು ಸಿಕ್ಕಿಸಿದ. ಅಟ್ಟದ ಮೇಲೆ ತುಂಬಾ ಹೊತ್ತು ಕೂತಿದ್ದ. ನಾನೇ ಏಣಿ ಹತ್ತಿ ಟೀ ಕೊಟ್ಟೆ. ಆಮೇಲೆ ತೆಂಗಿನಕಾಯಿ ಒಡೆದರು, ಸ್ವಿಚ್ಚು ಹಾಕಿದರು, ಇಪ್ಪತ್ತೂ ಮುಖ ಬೆಳಗಿದವು. ಎಲ್ಲರಿಗೂ ಪುಳಿಯೋಗರೆ.

ಮಾರನೆಯ ದಿನದಿಂದಲೇ ಗ್ರಹಚಾರ. ಕೋಮಲ ಒಂದು ಕಾಗದ ತೆರೆದರೆ ಮೊದಲು ಬಿಳಿ ಪರದೆ. ಆಮೇಲೆ ಸೀರೆಯ ಮಡಿಕೆ ಒಂದೊಂದೇ ಬಿಚ್ಚಿದ ಹಾಗೆ ಮೇಲಿನಿಂದ ಒಂದೊಂದು ಪಟ್ಟಿ. ಅದು ಪೂರ್ತಿ ಮೂಡುವಷ್ಟರಲ್ಲಿ ನಾನು ಎರಡು ಸಾಲು ಮೇಜು ಒರೆಸಿ ಬಂದಿರುತ್ತಿದ್ದೆ. ಟೈಪು ಮಾಡಿ ಒತ್ತಿದರೆ ಮತ್ತೆ ತಿರುಗುವ ಚಕ್ರ. ಚಿಕ್ಕ ಚೀಟಿಯವರಿಗೂ ತೊಂದರೆಯಿತ್ತು, ಆದರೆ ಹೇಗೋ ಸಾಗುತ್ತಿತ್ತು. ಅಗಲದ ಫೋಟೋ ತೆರೆಯುವವಳ ಪಾಡು ಮಾತ್ರ ನಾಯಿಪಾಡು. ದಿನಕ್ಕೆ ಎಪ್ಪತ್ತು ಕಾಗದ ಮುಗಿಸುತ್ತಿದ್ದವಳು ಮೂವತ್ತಕ್ಕಿಳಿದಳು.

ಗೌರಿಹಬ್ಬ ಕಳೆಯಿತು. ಕೆಲಸ ಕಳಿಸುವವರು ಪ್ರಕಾಶನಿಗೆ ಫೋನಿನಲ್ಲಿ ಉಗಿದರು ಅಂತ ಕಾಣುತ್ತದೆ. ಅವನು ಏನು ಮಾಡಬೇಕಿತ್ತು? ಶ್ರಾವಣದ ಶುಕ್ರವಾರದ ತನಕ ನೆಟ್ಟಗಿದ್ದದ್ದು ಶನಿವಾರ ಯಾಕೆ ಕುಂಟಿತು ಅಂತ ಒಂದು ಗಳಿಗೆ ಯೋಚಿಸಬೇಕಿತ್ತು. ಹಸು ದಿಢೀರನೆ ಹಾಲು ಕಡಿಮೆ ಮಾಡಿದರೆ ನಾವು ಹಾಲು ಕರೆಯುವವಳ ಕೈ ನೋಡುತ್ತೇವೋ, ಹಸು ಏನು ಮೇಯಿತು ಅಂತ ನೋಡುತ್ತೇವೋ? ಇವನು ಮಾಡಿದ್ದು, ಒಂದು ಹಾಳೆಗೆ ‘ನಿಧಾನಗತಿಯವರು’ ಅಂತ ತಲೆಬರಹ ಬರೆದು, ಕಡಿಮೆ ಮಾಡಿದ ಮೂವರ ಹೆಸರು ಹಾಕಿ, ಶನಿವಾರ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ್ದು. ಮೂರು ಶನಿವಾರ ಹೆಸರು ಬಂದವರು ಮನೆಗೆ. ಮೊದಲನೆಯ ಹೆಸರು ಕೋಮಲ.

ಬಾಗಿಲ ಪಕ್ಕ ಅಂದರೆ ಎಂಥ ಜಾಗ ಅಂತ ಅವನಿಗೆ ಗೊತ್ತಿತ್ತು. ಹಾಲಿನವನು, ಪೋಸ್ಟಿನವನು, ಎದುರಿನ ಹೂವಿನವಳು, ಎಲ್ಲರೂ ಓದಿದರು. “ನಿಮ್ಮ ಸೊಸೆ ಹೆಸರು ಬೋರ್ಡಲ್ಲಿ ಬಂದೈತಂತೆ, ಫಸ್ಟ್ ಬಂದವ್ಳಾ?” ಅಂತ ಹೂವಿನವಳು ಕೇಳಿದಳು. ಕೇಳಿದ್ದು ಕುಹಕಕ್ಕೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ.

ಈಗ ನನ್ನ ಕಥೆ ಕೇಳಿ. ಪ್ರಕಾಶನನ್ನು ಬೈಯುವವಳು ಅವತ್ತು ಮನೆಗೆ ಹೋಗಿ ಯಾರನ್ನು ಬೈದೆ? ಕೋಮಲಳನ್ನು.

“ರಾತ್ರಿ ಎಲ್ಲಾ ಟೀವಿ ಮುಂದೆ ಕೂರು, ಬೆಳಗ್ಗೆ ಅಲ್ಲಿ ತೂಕಡಿಸು. ನಾನು ಮುಖ ಎತ್ಕಂಡು ತಿರುಗೋದೆಂಗೆ?” ಅಂದೆ.

“ನಾನು ತೂಕಡಿಸ್ತಿಲ್ಲ ಅತ್ತೆ. ಅದು ಬರ್ತಾನೇ ಇಲ್ಲ.”

“ಬೇರೆ ಹತ್ತೊಂಬತ್ತು ಜನಕ್ಕೆ ಬತ್ತದೆ, ನಿನಗೆ ಬರಲ್ವಾ?”

ಅವಳು ಹಿಟ್ಟಿನ ಕೋಲು ತಗೊಂಡು ಮುದ್ದೆ ತೊಳಸಲು ಹೋದಳು. ನನ್ನ ಮಗ ತಟ್ಟೆಯ ಮುಂದೆ ತಲೆ ಎತ್ತದೆ ಕೂತಿದ್ದ. ಅವನು ಯಾವತ್ತೂ ಯಾರ ಪರವಾಗಿಯೂ ಏನೂ ಅನ್ನುವವನಲ್ಲ.

ಎರಡನೆಯ ಶನಿವಾರವೂ ಹೆಸರು ಬಂತು. ಆ ವಾರ ಸಂತೋಷ ಹಾಸನದಿಂದ ಬಂದ. ಒಂದು ದಿನ ಪೂರ್ತಿ ಪರದೆ ನೋಡುತ್ತಾ ಕೂತ. ಒಲೆಯ ಪೆಟ್ಟಿಗೆಗೆ ಮೆಮೊರಿ ಜಾಸ್ತಿ ಮಾಡಿದ. ಒಂದೇ ಡಿಸ್ಕಿನ ಮೇಲೆ ಗುಂಪು ಕೂಡಿದ್ದ ದೆವ್ವಗಳನ್ನು ಬೇರೆ ಬೇರೆ ಡಿಸ್ಕಿಗೆ ಹಂಚಿದ. “ವೈರ್ ಹೊಸದಾ?” ಅಂತ ಪ್ರಕಾಶನನ್ನು ಕೇಳಿದ್ದು ನನ್ನ ಕಿವಿಗೇ ಬಿತ್ತು. “ಹೊಸದು ಸಾರ್, ಶ್ರಾವಣದಲ್ಲಿ ಹಾಕ್ಸಿದ್ದು” ಅಂದ ಪ್ರಕಾಶ. ಸುಳ್ಳೇನಲ್ಲ. ಹೊಸದೇ. ಎರಡು ದಿನ ಕೊಂಚ ಸಲೀಸಾದ ಹಾಗೆ ಕಂಡಿತು. ಆಮೇಲೆ ಮತ್ತೆ ಅದೇ ರಾಗ.

ಸಂತೋಷ ಹೋದ ಮೇಲೆ ನಾನು ಪ್ರಕಾಶನಿಗೆ ಟೀ ಕೊಡುವಾಗ ಹೇಳಿದೆ. “ಪ್ರಕಾಶಪ್ಪ, ಆ ಪೆಟ್ಟಿಗೆ ಹಿಂದೆ ತಂತಿ ಹತ್ರ ಒಂದು ದೀಪ ಐತಲ್ಲ. ಮೊದಲು ಹಸಿರಿತ್ತು. ಅದನ್ನ ಎತ್ತಿಟ್ಟ ದಿನದಿಂದ ಹಳದಿ ಆಗೈತೆ.”

“ಅಜ್ಜಿ, ಅದೇನು ದೀಪಾವಳಿ ಸೀರಿಯಲ್ ಸೆಟ್ಟಾ, ಬಣ್ಣ ನೋಡೋಕೆ? ಉರೀತಾ ಇದೆ ತಾನೇ?”

“ಉರೀತೈತೆ.”

“ಮತ್ತೆ? ಟೀಗೆ ಶುಂಠಿ ಜಾಸ್ತಿ ಆಗಿದೆ, ಅದು ನೋಡಿ ಮೊದಲು.”

ಪಕ್ಕದಲ್ಲಿದ್ದವರು ಕಿಸಕ್ಕೆಂದರು. ಪೊರಕೆ ಹಿಡಿದವಳ ಕಣ್ಣಿಗೆ ಕಸ ಮಾತ್ರ ಕಾಣಬೇಕು, ದೀಪ ಕಾಣಬಾರದು. ನಾನೂ ಅವತ್ತು ಅಷ್ಟಕ್ಕೇ ಸುಮ್ಮನಾದೆ. ಅದೇ ನನಗೆ ಇವತ್ತಿಗೂ ಸಿಟ್ಟು.

ಮೂರನೆಯ ಶನಿವಾರ ಪಿತೃಪಕ್ಷ. ಹಾಳೆಯಲ್ಲಿ ಮತ್ತೆ ಅದೇ ಹೆಸರು. ಪ್ರಕಾಶ ಕೋಮಲಳನ್ನು ಕರೆದು, ಎಲ್ಲರೂ ಕೂತಿದ್ದ ಹಾಗೆಯೇ, “ನಿನಗೆ ಈ ಕೆಲಸ ಒಗ್ಗಲ್ಲಮ್ಮ. ಮನೆ ಕಡೆ ನೋಡ್ಕೊ” ಅಂದ. ಅವಳು ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟಳು. ನನ್ನ ಟೀ ಕೋಣೆಯ ಬಾಗಿಲ ಮುಂದೆಯೇ ಹಾದುಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಾರನೆಯ ದಿನ ಮಗುವನ್ನು ಕರೆದುಕೊಂಡು, “ಹಬ್ಬಕ್ಕೆ ಊರಿಗೆ ಹೋಗ್ತೀನಿ” ಅಂತ ಹಳೇಬೀಡಿನ ಬಸ್ಸು ಹತ್ತಿದಳು. ಹಬ್ಬಕ್ಕೆ ಇನ್ನೂ ಎಷ್ಟೋ ದಿನವಿತ್ತು.

ಆಯುಧಪೂಜೆಯ ಹಿಂದಿನ ದಿನ ಆಫೀಸು ತೊಳೆಯುವುದು. ನಮ್ಮ ಕಡೆ ಅವತ್ತು ಒಂದು ಮೊಳೆಯನ್ನೂ ಬಿಡುವುದಿಲ್ಲ. ಕುಡುಗೋಲು, ಮೋಟರು, ಸೈಕಲ್ಲು, ತಕ್ಕಡಿ, ಏನಿದ್ದರೂ ತಿಕ್ಕಿ ತೊಳೆದು ಕುಂಕುಮವಿಡಬೇಕು. ಎಲ್ಲ ಯಂತ್ರಗಳನ್ನೂ ಆರಿಸಿದ್ದರು. ಪೆಟ್ಟಿಗೆಗಳ ಗುಂಯ್ ಸದ್ದು ನಿಂತು ಆಫೀಸು ಭಣಭಣ ಅನ್ನುತ್ತಿತ್ತು. ಹೆಣ್ಣುಮಕ್ಕಳು ಕೀಲಿಮಣೆಗಳನ್ನು ಹತ್ತಿಬಟ್ಟೆಯಲ್ಲಿ ಒರೆಸುತ್ತಿದ್ದರು. ನಾನು ಏಣಿ ಹಾಕಿಕೊಂಡು ಟೀ ಕೋಣೆಯ ಅಟ್ಟ ಹತ್ತಿದೆ. ಮಂಡಿ ಕಾಲದ ಗೋಣಿಚೀಲಗಳು ಅಲ್ಲೇ ಬಿದ್ದಿದ್ದವು. ಒಂದೊಂದೇ ಕೆಳಗೆಸೆದೆ. ಕೊನೆಯ ಚೀಲದ ಕೆಳಗೆ ಲೋಕಣ್ಣ ಎಳೆದಿದ್ದ ನೀಲಿ ತಂತಿ. ತಂತಿಯ ನಡುವೆ ನಿಂಬೆಹಣ್ಣಿನ ಗಾತ್ರದ ಒಂದು ಗಂಟು, ಅದರ ಮೇಲೆ ಕರಿ ಟೇಪು.

ತಂತಿ ಹೊಸದೇ. ಆದರೆ ಒಂದಲ್ಲ, ಎರಡು ತುಂಡು.

ಹಗ್ಗ ಹೊಸೆದ ಕೈ ಗಂಟು ಕಂಡರೆ ಸುಮ್ಮನಿರುವುದಿಲ್ಲ. ಟೇಪು ಬಿಚ್ಚಿದೆ. ಒಳಗೆ ಎಂಟು ಸಣ್ಣ ಎಳೆ, ಎರಡೆರಡಕ್ಕೆ ಒಂದೊಂದು ಬಣ್ಣ. ಕಿತ್ತಳೆಯವೆರಡು, ಹಸಿರಿನವೆರಡು, ಅಷ್ಟನ್ನು ಮಾತ್ರ ಈ ತುಂಡಿಗೂ ಆ ತುಂಡಿಗೂ ಸೇರಿಸಿ ತಿರುಚಿದ್ದ. ನೀಲಿ ಮತ್ತು ಕಂದು ಬಣ್ಣದ ನಾಲ್ಕನ್ನು ಎರಡೂ ಕಡೆ ಕತ್ತರಿಸಿ ಹಿಂದಕ್ಕೆ ಮಡಚಿದ್ದ.

ನಮ್ಮಪ್ಪ ಹಗ್ಗದ ಸಂತೆಯಲ್ಲಿ ಗಂಟು ಸಿಕ್ಕಿದರೆ ಮೊದಲು ಎಳೆ ಎಣಿಸುತ್ತಿದ್ದ. ಅರ್ಧ ಎಳೆ ಸೇರಿಸಿ ಮಿಕ್ಕಿದ್ದನ್ನು ಒಳಗೆ ಅಡಗಿಸಿಡುವ ಮೋಸಗಾರರಿದ್ದರು. “ಇಂಥ ಹಗ್ಗ ಖಾಲಿ ಕೊಡ ಎತ್ತುತ್ತೆ ಕಣವ್ವ, ತುಂಬಿದ ಕೊಡ ಎತ್ತಲ್ಲ” ಅನ್ನುತ್ತಿದ್ದ. ಅಟ್ಟದ ಮೇಲೆ ಕೂತು ಆ ನಾಲ್ಕು ಎಳೆಯನ್ನು ಮತ್ತೊಮ್ಮೆ ಎಣಿಸಿದೆ. ಚಿಕ್ಕ ಚೀಟಿಯವರ ಖಾಲಿ ಕೊಡ ಹೇಗೋ ಬಂದಿತ್ತು. ತುಂಬಿದ ಕೊಡ ಸೇದುತ್ತಿದ್ದವಳನ್ನು ಕೈಲಾಗದವಳು ಅಂತ ಗೋಡೆಗೆ ಅಂಟಿಸಿದ್ದರು.

ಇಳಿದು ಹೋಗಿ ಪ್ರಕಾಶನಿಗೆ ಹೇಳಿದೆ. ಅವನಿಗೆ ಮೊದಲು ಬಂದದ್ದು ಸಿಟ್ಟು. “ಟೇಪ್ ಬಿಚ್ಚಿದ್ರಾ? ಯಾರನ್ನ ಕೇಳಿ ಬಿಚ್ಚಿದ್ರಿ? ಈಗ ಕೆಟ್ರೆ ನೀವು ರಿಪೇರಿ ಮಾಡ್ತೀರಾ?”

“ಕೆಟ್ಟು ಎರಡು ತಿಂಗಳಾತು. ಬಂದು ನೋಡು.”

“ಹಬ್ಬ ಮುಗೀಲಿ ಅಜ್ಜಿ.”

ಅಷ್ಟರಲ್ಲಿ ಮಾಲೀಕರು ಬಾಳೆಕಂದು, ಬೂದುಗುಂಬಳ ಹೊರಿಸಿಕೊಂಡು ಆಟೋದಲ್ಲಿ ಬಂದಿಳಿದರು. ನಾನು ಪ್ರಕಾಶನನ್ನು ದಾಟಿಕೊಂಡು ಸೀದಾ ಹೋಗಿ ನಿಂತೆ. “ಸಾವ್ಕಾರ್ರೇ, ಎಂಟೆಳೆ ಹಗ್ಗಕ್ಕೆ ನಾಲ್ಕೆಳೆ ಗಂಟು ಹಾಕಿ ನಿಮ್ಮ ಸಂಪತ್ತು ಎಳೀತಾವ್ರೆ. ಒಂದ್ಸಲ ಏಣಿ ಹತ್ತಿ.” ಕೊಬ್ಬರಿ ವ್ಯಾಪಾರದವರು. ಹಗ್ಗ, ಗಂಟು ಅಂದರೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದರು. ನೋಡಿದರು. “ಲೋ ಪ್ರಕಾಶ, ಲೋಕನ್ನ ಕರೆಸೋ” ಅಂದರು.

ಲೋಕಣ್ಣ ಯಾರದೋ ತೋಟದ ಮೋಟರು ತೊಳೆಯುತ್ತಿದ್ದವನು ಕೈ ಒರೆಸಿಕೊಳ್ಳುತ್ತಾ ಬಂದ. ಗಂಟು ನೋಡಿ ನಾಚಿಕೆಯೇನೂ ಪಡಲಿಲ್ಲ. “ಹ್ಞೂ, ನಾನೇ ಹಾಕಿದ್ದು. ತಂದಿದ್ದ ವೈರು ಸಾಲ್ಲಿಲ್ಲ, ಇನ್ನೊಂದು ತುಂಡು ಸೇರಿಸ್ದೆ. ಕಿತ್ತಳೆ, ಹಸಿರು ಹಾಕಿ ನೋಡಿದೆ, ದೀಪ ಹತ್ತಿತು. ಮೋಟ್ರಿಗೆ ಮೂರೇ ಸಾಕು, ಇದಕ್ಕೆ ನಾಲ್ಕಾದವಲ್ಲ. ಮಿಕ್ಕಿದ್ದು ದಂಡಕ್ಕೆ ಅಂತ ಕತ್ತರಿಸ್ದೆ.”

“ದಂಡಕ್ಕೆ ಯಾರಾದ್ರೂ ಎಂಟು ಎಳೆ ಹಾಕ್ತಾರೇನಲಾ?” ಅಂದರು ಮಾಲೀಕರು.

ಲೋಕಣ್ಣ ಒಂದು ಗಳಿಗೆ ಯೋಚಿಸಿದ. ಆಮೇಲೆ ಕೆನ್ನೆ ಕೆನ್ನೆ ಬಡಿದುಕೊಂಡ. “ತಪ್ಪಾತು ಸಾವ್ಕಾರ್ರೇ. ಮೋಟ್ರು ಬುದ್ಧಿ ಉಪಯೋಗಿಸ್ಬಿಟ್ಟೆ. ಇದು ಬೇರೆ ಜಾತಿ ವೈರು.” ನನ್ನ ಕಡೆ ತಿರುಗಿ, “ನಿಮ್ಮ ಸೊಸೇನ ಕಳಿಸಿದ್ರಂತಲ್ಲ ಹೊನ್ನಕ್ಕಾ. ಇದ್ರಿಂದ್ಲಾ?” ಅಂದ. ಹ್ಞೂ ಅಂದೆ. ಅವನ ಮುಖ ಸಪ್ಪಗಾಯಿತು. ತಪ್ಪು ಮಾಡಿದವನು ಅವನು. ಒಪ್ಪಿಕೊಳ್ಳಲು ಅವನಿಗೆ ಹಿಡಿದದ್ದು ಒಂದು ಗಳಿಗೆ.

ವಿಜಯದಶಮಿ ಮುಗಿದ ಮಾರನೆಯ ದಿನ ಸಂತೋಷ ಬಂದ, ಒಂದೇ ಉದ್ದನೆಯ ತಂತಿ ಸುರುಳಿ ಹೊತ್ತುಕೊಂಡು. ಗಂಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. “ನಾನು ವೈರ್ ಹೊಸದಾ ಅಂತ ಕೇಳಿದ್ದೆ” ಅಂದ. “ಹೊಸದೇ ತಾನೇ ಸಾರ್” ಅಂದ ಪ್ರಕಾಶ. ಸಂತೋಷ ನನ್ನ ಕಡೆ ತಿರುಗಿದ. “ಹತ್ತು ಗಾಡಿ ಒಟ್ಟಿಗೆ ಹೋಗೋ ರಸ್ತೇಲಿ ಒಂದೇ ಗಾಡಿಗೆ ಜಾಗ ಬಿಟ್ಟಂಗೆ ಆಗಿತ್ತು ಅಜ್ಜಿ. ಇಪ್ಪತ್ತು ಜನ ಅದರಲ್ಲೇ ನೂಕಾಡ್ತಿದ್ರು. ನಾನೂ ಪೆಟ್ಟಿಗೆ ಒಳಗೇ ಹುಡುಕ್ತಾ ಕೂತೆ, ಹಿಂದೆ ತಿರುಗಿಸಿ ನೋಡ್ಲಿಲ್ಲ. ದೀಪ ಹಳದಿ ಆಗಿತ್ತೇನೋ?”

“ಆಗಿತ್ತು. ಎತ್ತಿಟ್ಟ ದಿನದಿಂದ.”

“ಯಾರಿಗೂ ಹೇಳ್ಲಿಲ್ವಾ?”

ನಾನು ಪ್ರಕಾಶನನ್ನು ನೋಡಿದೆ. ಅವನು ಫೋನು ತೆಗೆದು ಕಿವಿಗಿಟ್ಟುಕೊಂಡು ಹೊರಗೆ ಹೋದ. ಫೋನು ಬಂದಿರಲಿಲ್ಲ.

ಹೊಸ ತಂತಿ ಸಿಕ್ಕಿಸಿದ ಕೂಡಲೇ ದೀಪ ಹಸಿರಾಯಿತು. ಸಂತೋಷ ಅಷ್ಟಕ್ಕೇ ಬಿಡಲಿಲ್ಲ, ಬೇರೆ ಯಾವಾಗ ನಿಧಾನವಾಗುತ್ತದೆ ಅಂತ ಕೇಳಿದ. ಕೇಳಿದ್ದು ನನ್ನನ್ನು. ಹೇಳಿದೆ: ಬೆಳಗ್ಗೆ ಆಫೀಸಿನ ದೇವರ ಪಟಕ್ಕೆ ಮಂಗಳಾರತಿ ಆದ ಕೂಡಲೇ ಇಪ್ಪತ್ತು ಜನವೂ ಒಂದೇ ಏಟಿಗೆ ಶುರು ಮಾಡುತ್ತಾರೆ, ಬೀದಿ ನಲ್ಲಿಗೆ ಎಲ್ಲರೂ ಒಟ್ಟಿಗೆ ಬಿಂದಿಗೆ ಹಿಡಿದ ಹಾಗೆ, ಆಗ ಯಾರಿಗೂ ಸಿಗುವುದಿಲ್ಲ. ಅವನು ನಕ್ಕು, ದೆವ್ವಗಳು ಆರತಿಗಿಂತ ಮುಂಚೆಯೇ ಐದೈದರಂತೆ ತಾವಾಗಿ ಏಳುವ ಹಾಗೆ ಮಾಡಿದ. ಪೆಟ್ಟಿಗೆ ಮಾತ್ರ ನೈಋತ್ಯದಲ್ಲೇ ಉಳಿಯಿತು. “ನೋಡಿದ್ರಾ, ವಾಸ್ತು ಸರಿಯಾಗೇ ಇತ್ತು, ವೈರೇ ಕೈಕೊಟ್ಟಿದ್ದು” ಅಂದರು ಮಾಲೀಕರು. ಏನು ಹೇಳುವುದು ಅಂಥವರಿಗೆ.

ಪ್ರಕಾಶ ಗೋಡೆಯ ಹಾಳೆ ಕಿತ್ತು, ಮುದುಡಿ, ನಾನು ಗುಡಿಸಿಟ್ಟಿದ್ದ ಕಸದ ಮೇಲೆ ಎಸೆದ. “ಕೋಮಲಂಗೆ ಸೋಮವಾರ ಬರೋಕೆ ಹೇಳಿ” ಅಂದ.

“ಅಷ್ಟೇನಾ?”

“ಇನ್ನೇನಜ್ಜಿ? ಹೋಗಿದ್ದ ಕೆಲಸ ವಾಪಸ್ ಬಂತಲ್ಲ.”

ತಿಂಗಳಿಡೀ ಊರೆಲ್ಲ ಓದಲಿ ಅಂತ ಅಂಟಿಸಿದ್ದನ್ನು ತೆಗೆಯಲು ಅವನಿಗೆ ಎರಡು ಬೆರಳು ಸಾಕಾದವು. ಅಂಟಿನ ಗುರುತು ಉಳಿದಿತ್ತು. ಅದನ್ನು ಕೆರೆದು ತೆಗೆಯುವ ಕೆಲಸವೂ ನನ್ನದೇ.

ಭಾನುವಾರ ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ ಹೋದೆ. ಕೋಮಲಳ ತವರು ಕೆರೆಯ ಕಡೆಗಿದೆ. ಅಂಗಳದಲ್ಲಿ ಮುಸುಕಿನ ಜೋಳದ ರಾಶಿ. ಅವಳು ಕೂತು ಕಾಳು ಬಿಡಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ತೆನೆ ತಗೊಂಡೆ. ಗಂಟಿನ ವಿಷಯ, ಎಂಟೆಳೆಯ ವಿಷಯ, ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು.

“ಪ್ರಕಾಶ್ ಸಾರ್ ಏನಂದ್ರು?”

“ಸೋಮವಾರ ಬಾ ಅಂದ. ಅವನ ಮುಖಕ್ಕಿಷ್ಟು. ನಾನು ಬಿಡಲಿಲ್ಲ—”

“ಅವರದ್ದಿರಲಿ ಅತ್ತೆ. ನೀವೇನಂತೀರಾ?”

ಬೇರೆಯವರಿಗೆ ಬೈಯಲು ನನ್ನ ಬಾಯಿಗೆ ಯಾವತ್ತೂ ಬರ ಬಂದದ್ದಿಲ್ಲ. ಅವತ್ತು ಒಣಗಿತು. ಅವಳೇ ಮುಂದುವರಿಸಿದಳು. “ನಿಧಾನ, ನಿಧಾನ ಅಂತ ಎಲ್ಲರೂ ಅಂದ್ರಿ. ಯಾಕೆ ನಿಧಾನ ಆಗ್ತೈತೆ ಅಂತ ಒಬ್ಬರಾದ್ರೂ ನನ್ನ ಕೇಳಿದ್ರಾ? ಅಲ್ಲಿ ಕೂತಿದ್ದೋಳು ನಾನು. ನೀವು ದಿನಾ ನನ್ನ ಬೆನ್ನ ಹಿಂದೇನೇ ಓಡಾಡ್ತಿದ್ರಿ.”

“ಕೇಳಲಿಲ್ಲ ಕಣೇ” ಅಂದೆ. “ತಪ್ಪು ನಂದೇ.”

ಅವಳೇನೂ ಕರಗಲಿಲ್ಲ. ಅತ್ತೂ ಇಲ್ಲ. ತೆನೆ ಮುಗಿಸಿ ದಿಂಡು ಬಿಸಾಡಿದಳು. “ಬತ್ತೀನಿ. ಆದ್ರೆ ಅವರು ಬಾಯಿ ಬಿಟ್ಟು ಹೇಳೋ ತನಕ ಕುರ್ಚಿ ಮೇಲೆ ಕೂರಲ್ಲ” ಅಂದಳು.

ಸೋಮವಾರ ಆರತಿ ಮುಗಿಯಿತು, ಎಲ್ಲರೂ ಕೂತರು. ಕೋಮಲ ತನ್ನ ಕುರ್ಚಿಯ ಹಿಂದೆ, ಅದರ ಬೆನ್ನಿಗೆ ಕೈಯಿಟ್ಟುಕೊಂಡು ನಿಂತಳು. ಪ್ರಕಾಶ ನೋಡಿದ. “ಯಾಕಮ್ಮ ನಿಂತಿದೀಯಾ? ಕೂತ್ಕೊ, ಕೆಲಸ ರಾಶಿ ಬಿದ್ದಿದೆ.”

“ನೀವು ಹೇಳಿದ ಮೇಲೆ ಕೂತ್ಕೋತೀನಿ ಸಾರ್.”

“ಏನು ಹೇಳಬೇಕು?”

“ಇದೇ ಜಾಗದಲ್ಲಿ ಅವತ್ತು ಎಲ್ಲರ ಮುಂದೆ ಹೇಳಿದ್ರಲ್ಲ, ಅದು ತಪ್ಪು ಅಂತ.”

ಪ್ರಕಾಶ ಏನೂ ಕೇಳದವನ ಹಾಗೆ ತನ್ನ ಕೋಣೆಗೆ ಹೋದ. ಇವಳು ನಿಂತೇ ಇದ್ದಳು. ಹತ್ತೂವರೆಯ ಟೀ ಆಯಿತು. ಎಲ್ಲರಿಗೂ ಕೊಟ್ಟೆ, ಅವನ ಕೋಣೆಗೆ ಒಯ್ಯಲಿಲ್ಲ. ಕೋಮಲ ತನಗೆ ಬೇಡ ಅಂದಳು. ಹನ್ನೊಂದೂವರೆಯ ಹೊತ್ತಿಗೆ ಆಫೀಸಿನಲ್ಲಿ ಒಂದು ಕೀಲಿಯ ಸದ್ದೂ ಇಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ, ಆದರೆ ಎಲ್ಲರ ಕೈಯೂ ಮಡಿಲಲ್ಲಿತ್ತು. ಯಂತ್ರ ಎಷ್ಟು ಚುರುಕಾಗಿದ್ದರೆ ಏನು ಬಂತು.

ಊಟದ ಹೊತ್ತಿಗೆ ಪ್ರಕಾಶ ಹೊರಗೆ ಬಂದ. ಗಡಿಯಾರ ನೋಡಿದ, ಕಿಟಕಿ ನೋಡಿದ. “ಟೆಕ್ನಿಕಲ್ ಪ್ರಾಬ್ಲಮ್ ಇತ್ತು, ಸರೀನಾ? ಎಲ್ಲರಿಗೂ ಗೊತ್ತು. ಕೂತ್ಕೊ.”

“ಯಾರ ಪ್ರಾಬ್ಲಮ್ ಸಾರ್?”

“ವೈರಿಂದು.”

“ನನ್ನ ಕೈದಾ?”

ಪ್ರಕಾಶ ಮತ್ತೆ ಕಿಟಕಿಯ ಕಡೆ ತಿರುಗಿದ. ಸ್ಟೇಷನ್ನಿನ ಕಡೆ ಒಂದು ರೈಲು ಕೂಗಿ ಹೋಯಿತು.

“ಅಲ್ಲ” ಅಂದ.

ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ಒಂದು ತಿಂಗಳ ಅವಮಾನಕ್ಕೆ ಎರಡು ಅಕ್ಷರ. ಅದನ್ನು ಹೊರಡಿಸಲು ಒಬ್ಬ ಹೆಂಗಸು ಅರ್ಧ ದಿನ ಕಾಲ ಮೇಲೆ ನಿಲ್ಲಬೇಕಾಯಿತು. ಇದು ನ್ಯಾಯ ಅಂತ ನಾನಂತೂ ಒಪ್ಪುವುದಿಲ್ಲ. ಒಪ್ಪಿದವಳು ಕೋಮಲ. ಕುರ್ಚಿ ಎಳೆದು ಕೂತಳು. ಅಗಲದ ಫೋಟೋ ಒಂದನ್ನು ತೆರೆದಳು. ಒತ್ತುವಷ್ಟರಲ್ಲಿ ಪೂರ್ತಿ ಮೂಡಿತು. ಸಾಸಿವೆ ಸಿಡಿಯತೊಡಗಿತು.

ಸ್ವಲ್ಪ ಹೊತ್ತಿನ ಮೇಲೆ ತಿರುಗಿ, “ಅತ್ತೆ, ಕಾಲು ಸೋತೋಗಾವೆ, ಟೀ ಕೊಡಿ” ಅಂದಳು. ತಂದುಕೊಟ್ಟೆ. ಒಂದು ಗುಟುಕು ಕುಡಿದು, ದನಿ ತಗ್ಗಿಸಿ, “ಅವರಿಗೂ ಕೊಡಿ, ಬೆಳಗ್ಗೆಯಿಂದ ಕುಡಿದಿಲ್ಲ” ಅಂದಳು.

ಕೊಟ್ಟೆ. ಸಕ್ಕರೆ ಹಾಕಿರಲಿಲ್ಲ. ಪ್ರಕಾಶ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದ. ಆಮೇಲೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟ.